ತಿಳಿ ಡೀಸೆಲ್ಲೂ ಹಳೆಯ ಎಂಜಿನ್ನೂ

ಡೀಸೆಲ್ ಎಂಬುದು ಇಂದು ನಮಗೆ ಒಂದು ಎಣ್ಣೆಯ ಹೆಸರು. ಮೂಲತಃ ಅದು ಒಬ್ಬ ಮನುಷ್ಯನ ಹೆಸರು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಕಿಡಿಯ ಹಂಗಿಲ್ಲದೆ, ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಕಾವಿನಲ್ಲಿಯೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡಿದ್ದು ಅವನ ಹೆಚ್ಚುಗಾರಿಕೆ. ಮುಂದೆ ಎಂಜಿನ್ನಿನ ಹೆಸರು ಎಣ್ಣೆಗೂ ಅಂಟಿಕೊಂಡಿತು. ಎರಡೂ ಒಂದಕ್ಕೊಂದು ಹೊಂದಿಕೊಂಡು ಬೆಳೆದವು. ಆದುದರಿಂದಲೇ, ಎಣ್ಣೆ ಬದಲಾದರೆ ಹಳೆಯ ಎಂಜಿನ್ನಿನ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ.

ಸಾಹಿತ್ಯದ ಪಾಠ ಹೇಳಿದವನಿಗೆ ಡೀಸೆಲ್ಲಿನ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಹದಿನೈದು ಇಪ್ಪತ್ತು ವರ್ಷದ ಗಾಡಿಯನ್ನೇ ನೆಚ್ಚಿ ಸಂಸಾರ ಸಾಗಿಸುವವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಈಗಿನ ಎಣ್ಣೆಯಲ್ಲಿ ಜಿಡ್ಡೇ ಇಲ್ಲ, ಅದು ಪಂಪನ್ನು ತಿಂದುಹಾಕುತ್ತದೆ ಎಂಬ ಮಾತನ್ನು ನಾನು ಗ್ಯಾರೇಜುಗಳಲ್ಲಿ ಕೇಳಿದ್ದೇನೆ. ಇದು ಬರಿಯ ಗಾಳಿಮಾತೆ? ಚರಿತ್ರೆಯನ್ನು ನೋಡಿದರೆ ಇದರಲ್ಲಿ ಸತ್ಯಾಂಶವೂ ಇದೆ, ತಪ್ಪು ತಿಳಿವಳಿಕೆಯೂ ಇದೆ.

ನೆಲದಿಂದ ಬರುವ ಕಚ್ಚಾ ತೈಲದಲ್ಲಿ ಗಂಧಕ ಇದ್ದೇ ಇರುತ್ತದೆ. ಅದು ಉರಿದರೆ ಹೊಗೆ ವಿಷವಾಗುತ್ತದೆ. ಎಂಜಿನ್ನಿನೊಳಗೆ ನೀರಾವಿಯೊಡನೆ ಕೂಡಿ ಆಮ್ಲವಾಗಿ ಲೋಹವನ್ನು ಕೊರೆಯುತ್ತದೆ. ಹೊಗೆಯನ್ನು ಶುದ್ಧಿಮಾಡಲು ಹೊಸ ಗಾಡಿಗಳಿಗೆ ಅಳವಡಿಸುವ ಸಾಧನಗಳನ್ನೂ ಅದು ಕೆಡಿಸುತ್ತದೆ. ಆದಕಾರಣ ಗಂಧಕವನ್ನು ತೆಗೆಯುವುದು ಅನಿವಾರ್ಯವಾಯಿತು. ತೈಲಾಗಾರಗಳಲ್ಲಿ ಹೆಚ್ಚಿನ ಕಾವು ಮತ್ತು ಒತ್ತಡದಲ್ಲಿ ಎಣ್ಣೆಗೆ ಜಲಜನಕವನ್ನು ಹಾಯಿಸಿ ಈ ಕೆಲಸ ಮಾಡುತ್ತಾರೆ.

ಇದರ ಮೊದಲ ಪಾಠ ದೊರೆತದ್ದು ಸ್ವೀಡನ್ ದೇಶದಲ್ಲಿ. 1991ರಲ್ಲಿ ಅಲ್ಲಿನ ಸರ್ಕಾರ ಅತಿ ಶುದ್ಧವಾದ ಡೀಸೆಲ್ಲಿಗೆ ತೆರಿಗೆಯ ರಿಯಾಯಿತಿ ಕೊಟ್ಟಿತು. ದಶಲಕ್ಷ ಪಾಲು ಎಣ್ಣೆಯಲ್ಲಿ ಗಂಧಕ ಹತ್ತು ಪಾಲನ್ನು ಮೀರಕೂಡದು ಎಂಬುದು ಮೊದಲ ದರ್ಜೆಯ ನಿಯಮ. ಆದರೆ ಈ ಎಣ್ಣೆ ಬಂದ ಮೇಲೆ ಕೆಲವು ಗಾಡಿಗಳ ಪಂಪುಗಳು ಅಕಾಲದಲ್ಲಿ ಸವೆದು ಕೆಟ್ಟವು. ಎಂಜಿನ್ ಆಯಿಲಿನಿಂದ ಜಿಡ್ಡು ಪಡೆಯುವ ಪಂಪುಗಳಿಗೆ ಅಷ್ಟು ತೊಂದರೆಯಾಗಲಿಲ್ಲ. ತಾನು ಸಾಗಿಸುವ ಡೀಸೆಲ್ಲನ್ನೇ ಕೀಲೆಣ್ಣೆಯಾಗಿ ನೆಚ್ಚಿದ್ದ, ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ರೋಟರಿ ಪಂಪುಗಳಿಗೆ ಪೆಟ್ಟು ಬಿತ್ತು.

ಕಾರಣವನ್ನು ಹುಡುಕಿದಾಗ ಒಂದು ಸೂಕ್ಷ್ಮ ಸಂಗತಿ ಹೊರಬಿತ್ತು. ಪಂಪನ್ನು ಕಾಪಾಡುತ್ತಿದ್ದುದು ಗಂಧಕವಲ್ಲ. ಆಮ್ಲಜನಕ, ಸಾರಜನಕಗಳನ್ನೊಳಗೊಂಡ ಕೆಲವು ಅಲ್ಪ ಪ್ರಮಾಣದ ಪದಾರ್ಥಗಳು ಲೋಹದ ಮೈಗೆ ತೆಳ್ಳಗೆ ಅಂಟಿಕೊಂಡು ಸವೆತವನ್ನು ತಡೆಯುತ್ತಿದ್ದವು. ಗಂಧಕವನ್ನು ಕಳೆಯುವ ಸಂಸ್ಕಾರದಲ್ಲಿ ಅವೂ ಕಳೆದುಹೋದವು. ಓಲೆಗರಿಯ ಪಾಠವನ್ನು ಶುದ್ಧಿಮಾಡಲು ಹೊರಟ ಸಂಪಾದಕ, ಲಿಪಿಕಾರನ ತಪ್ಪಿನೊಡನೆ ಕವಿಯ ಹಳೆಯ ರೂಪವೊಂದನ್ನೂ ಅಳಿಸಿಬಿಡುವುದುಂಟು, ಇದೂ ಅಂಥದೇ.

ಪರಿಹಾರ ದೂರವಿರಲಿಲ್ಲ. ಕಳೆದುಹೋದ ಗುಣವನ್ನು ತುಂಬಿಕೊಡುವ ಪದಾರ್ಥವನ್ನು ಅತ್ಯಲ್ಪ ಪ್ರಮಾಣದಲ್ಲಿ ಎಣ್ಣೆಗೆ ಸೇರಿಸಿದರು. ಎಣ್ಣೆಯ ಜಿಡ್ಡುಗುಣವನ್ನು ಅಳೆಯಲು ಒಂದು ಪರೀಕ್ಷೆಯೂ ಬಳಕೆಗೆ ಬಂತು. ಡೀಸೆಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ತಗಡಿನ ಮೇಲೆ ಉಕ್ಕಿನ ಗುಂಡನ್ನು ಉಜ್ಜುತ್ತಾರೆ. ಗುಂಡಿನ ಮೇಲೆ ಬೀಳುವ ಸವಕಲು ಗುರುತು 460 ಮೈಕ್ರಾನನ್ನು, ಎಂದರೆ ಅರ್ಧ ಮಿಲಿಮೀಟರಿಗೂ ಕಡಮೆಯಾದ ಅಳತೆಯನ್ನು, ಮೀರಬಾರದೆಂದು ಯುರೋಪಿನಲ್ಲಿ ಗೊತ್ತುಮಾಡಿದರು.

ಎರಡನೆಯ ಪಾಠ ಅಮೆರಿಕದ್ದು. 1993ರ ಅಕ್ಟೋಬರಿನಿಂದ ಅಲ್ಲಿ ರಸ್ತೆಯ ಗಾಡಿಗಳ ಡೀಸೆಲ್ಲಿನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 500 ಪಾಲಿಗೆ ಇಳಿಯಿತು. ಆಗ ಹಲವು ಹಳೆಯ ಗಾಡಿಗಳಲ್ಲಿ ಪಂಪಿನ ಸಂದುಗಳಿಂದ ಎಣ್ಣೆ ಜಿನುಗತೊಡಗಿತು. ಹಳೆಯ ಎಣ್ಣೆಯಲ್ಲಿ ಹೆಚ್ಚಾಗಿದ್ದ ಆರೊಮ್ಯಾಟಿಕ್ ಎಂಬ ವರ್ಗದ ಪದಾರ್ಥಗಳನ್ನು ಹೀರಿ ಒಳಗಿನ ರಬ್ಬರ್ ಸೀಲುಗಳು ಉಬ್ಬಿಕೊಂಡಿದ್ದವು. ಹೊಸ ಎಣ್ಣೆಯಲ್ಲಿ ಅವು ಕಡಮೆಯಾದಾಗ, ಕಾವಿಗೆ ಬೆಂದು ಗಡುಸಾಗಿದ್ದ ಸೀಲುಗಳು ಕುಗ್ಗಿದವು. ಹೊಸ ಸೀಲು ಹಾಕಿದ ಮೇಲೆ ಸೋರಿಕೆ ನಿಂತಿತು. 2006ರಲ್ಲಿ ಮಿತಿ 15 ಪಾಲಿಗೆ ಇಳಿಯಿತು. ಆ ಹೊತ್ತಿಗೆ ಜಿಡ್ಡುಗುಣಕ್ಕೂ ಅಲ್ಲಿ ಕಟ್ಟಳೆಯಾಗಿತ್ತು.

ನಮ್ಮ ದೇಶದ ಮಾತಿಗೆ ಬರೋಣ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಶೇಕಡಾ ಒಂದರಷ್ಟು, ಎಂದರೆ ದಶಲಕ್ಷಕ್ಕೆ ಹತ್ತು ಸಾವಿರ ಪಾಲು ಗಂಧಕಕ್ಕೆ ಅವಕಾಶವಿತ್ತು. ಅದು ಹಂತಹಂತವಾಗಿ ಇಳಿಯಿತು. 2010ರಲ್ಲಿ ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಿಗೆ 50 ಪಾಲಿನ ಎಣ್ಣೆ ಬಂತು. ಮಿಕ್ಕ ಕಡೆ ಮಿತಿ 350 ಆಯಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಹತ್ತೇ ಪಾಲು. ಮೂವತ್ತು ವರ್ಷದೊಳಗೆ ಗಂಧಕದ ಮಿತಿ ಸಾವಿರದಲ್ಲೊಂದು ಪಾಲಾಯಿತು. ಸ್ವೀಡನ್ನಿನವರು ಪಂಪು ಕೆಡಿಸಿಕೊಂಡು ಕಲಿತದ್ದು ಅಷ್ಟರೊಳಗೆ ಲೋಕಕ್ಕೆಲ್ಲ ತಿಳಿದಿತ್ತು. ನಮ್ಮ ಡೀಸೆಲ್ಲಿನ ಮಾನಕದಲ್ಲಿಯೂ ಜಿಡ್ಡುಗುಣದ ಪರೀಕ್ಷೆ ಸೇರಿದೆ.

ಹಾಗಾದರೆ ಹಳೆಯ ಗಾಡಿಯವನು ಹೆದರಬೇಕೆ? ಮಾನಕಕ್ಕೆ ಒಳಪಟ್ಟ ಎಣ್ಣೆಯಾದರೆ ಹೆದರಬೇಕಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆಮ್ಲದ ಕಾಟ ತಗ್ಗುವುದರಿಂದ ಹಳೆಯ ಎಂಜಿನ್ನಿಗೂ ಲಾಭವೇ. ಆದರೆ ವಯಸ್ಸಾದ ಸೀಲುಗಳ ಮೇಲೆ ಒಂದು ಕಣ್ಣಿರಲಿ. ಪಂಪಿನ ಸುತ್ತ ಒದ್ದೆ ಕಂಡರೆ ಬೇಗ ಬದಲಾಯಿಸಲಿ. ಸೀಮೆಎಣ್ಣೆ ಬೆರೆತ ಡೀಸೆಲ್ಲನ್ನು ಮಾತ್ರ ಮುಟ್ಟಬಾರದು. ಅದರಲ್ಲಿ ಜಿಡ್ಡುಗುಣ ನಿಜವಾಗಿಯೂ ಕುಂದುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಶುದ್ಧ ಗಾಳಿ ಎಲ್ಲರ ಪಾಲಿನದು. ಒಂದು ಸೀಲಿನ, ಒಂದು ಪಂಪಿನ ಖರ್ಚು ಮಾತ್ರ ಹಳೆಯ ಗಾಡಿಯ ಒಡೆಯನ ತಲೆಯ ಮೇಲೆ ಬೀಳುತ್ತದೆ. ಅವನು ದೂರಿದಾಗ ಅಜ್ಞಾನಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಸ್ವೀಡನ್ನಿನಲ್ಲಿ ಎಣ್ಣೆಯ ಕೊರತೆಯನ್ನು ತೋರಿಸಿಕೊಟ್ಟದ್ದು ರಸ್ತೆಯಲ್ಲಿ ಕೆಟ್ಟುನಿಂತ ಗಾಡಿಗಳೇ. ಆ ದೂರನ್ನು ಪರೀಕ್ಷಿಸಿ ನೋಡಿದ್ದರಿಂದ ಎಣ್ಣೆ ಶುದ್ಧವಾಗಿಯೇ ಉಳಿಯಿತು, ಪಂಪೂ ಉಳಿಯಿತು.