ವೈನಿನ ಬಾಟಲಿಯಲ್ಲಿ ಕೋಳಿಮೊಟ್ಟೆ

ನಾಶಿಕದ ನಮ್ಮ ಬ್ಯಾಂಕಿನ ಶಾಖೆಗೆ ನಾನು ವರ್ಗವಾಗಿ ಹೋದದ್ದು 2003ರ ಜೂನ್‌ನಲ್ಲಿ. ಅಲ್ಲಿಗೆ ಹೋಗುವ ತನಕ ದ್ರಾಕ್ಷಿ ಅಂದರೆ ನನಗೆ ಗೊತ್ತಿದ್ದದ್ದು ವಿಜಾಪುರ ಕಡೆಯ ದ್ರಾಕ್ಷಿ, ಮತ್ತೆ ಮದುವೆಮನೆಯ ಶಿರಾದಲ್ಲಿ ಸಿಗುವ ಒಣದ್ರಾಕ್ಷಿ. ನಾಶಿಕದಲ್ಲಿ ಆಗ ವೈನಿನ ಹುರುಪು ಜೋರಾಗಿತ್ತು. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ಉದ್ಯಮಕ್ಕೆಂದೇ ಒಂದು ನೀತಿ ತಂದಿತ್ತು. ಅದಕ್ಕೂ ಒಂದು ವರ್ಷ ಮೊದಲು, 2000ದಲ್ಲಿ, ಸುಲಾ ಕಂಪನಿಯ ಮೊದಲ ವೈನ್ ಪೇಟೆಗೆ ಬಂದಿತ್ತು. ಪುಣೆಯ ಹತ್ತಿರದ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲೇ ಶಾಂಪೇನ್ ಮಾದರಿಯ ವೈನ್ ತಯಾರಾಗುತ್ತಿತ್ತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ತಪ್ಪಲಲ್ಲಿ 1988ರಲ್ಲೇ ಫ್ರಾನ್ಸಿನ ತಳಿಗಳನ್ನು ನೆಡಿಸಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಸಾಲದ ಅರ್ಜಿಗಳನ್ನು ಓದಿ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರು ಮೊದಲ ಹತ್ತು ಪುಟ ಇತಿಹಾಸವನ್ನೇ ತುಂಬಿರುತ್ತಾರೆ. ಬ್ಯಾಂಕಿನಲ್ಲಿ ಅದನ್ನು ಯಾರೂ ಓದುವುದಿಲ್ಲ, ನಾನು ಓದುತ್ತಿದ್ದೆ.

ನಾನು ಧಾರವಾಡ ತಾಲೂಕಿನ ಹಳ್ಳಿಯವನು, ಲಿಂಗಾಯತರ ಮನೆ. ಮನೆಯೊಳಗೆ ಮೊಟ್ಟೆ ಬಂದದ್ದೇ ಇಲ್ಲ. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ ಊರೂರು ತಿರುಗಿದರೂ ಕುಡಿಯುವ ಅಭ್ಯಾಸ ಹತ್ತಿರಲಿಲ್ಲ. ಆದರೆ ವೈನರಿಗಳಿಗೆ ಸಾಲ ಕೊಡುವ ಮ್ಯಾನೇಜರ್ ಆದಮೇಲೆ ಪ್ರತಿ ಇನ್ಸ್‌ಪೆಕ್ಷನ್‌ಗೂ ಒಂದು ಗ್ಲಾಸ್ ಮುಂದೆ ಬರುತ್ತಿತ್ತು. ಮೊದಲು ಬೇಡ ಅಂದೆ. ಆಮೇಲೆ ಒಂದು ಗುಟುಕು. ಒಂದು ವರ್ಷ ಕಳೆಯುವಷ್ಟರಲ್ಲಿ ಮನೆಯ ಕಪಾಟಿನಲ್ಲಿ ಒಂದು ಬಾಟಲಿ ಇರುವ ಮಟ್ಟಿಗೆ ಬಂದೆ. ಹೆಂಡತಿ ಮುಖ ಗಂಟು ಹಾಕಿದಾಗ ನನ್ನ ವಾದ ಒಂದೇ: "ದ್ರಾಕ್ಷಿ ಬಿಟ್ರೆ ಅದರಾಗ ಏನೂ ಇಲ್ಲ. ಪಕ್ಕಾ ಶಾಕಾಹಾರಿ." ನನಗೆ ಆಗ ನಿಜವಾಗಿಯೂ ಹಾಗೇ ಅನ್ನಿಸಿತ್ತು.

2004ರ ಶ್ರಾವಣದಲ್ಲಿ ಅವ್ವ ತ್ರ್ಯಂಬಕೇಶ್ವರಕ್ಕೆ ಅಂತ ಬಂದರು. ನಾಶಿಕದ ಮಳೆ, ಅಲ್ಲಿಯ ಥಂಡಿ ಗಾಳಿ, ಎರಡೇ ದಿನಕ್ಕೆ ಕೆಮ್ಮು ಹಿಡಿಯಿತು. ಕಪಾಟಿನಲ್ಲಿದ್ದ ಬಾಟಲಿ ಅವರ ಕಣ್ಣಿಗೆ ಬಿತ್ತು.

"ಏನೋ ಅದು, ದ್ರಾಕ್ಷಾಸವ ಏನು?"

ಹೌದು ಅನ್ನಲೋ ಇಲ್ಲ ಅನ್ನಲೋ ತಿಳಿಯಲಿಲ್ಲ. "ಅದೇ ಜಾತಿದ್ದು ಅವ್ವಾ. ದ್ರಾಕ್ಷಿ ಹುಳಿ ಬರಿಸಿ ಮಾಡ್ತಾರ" ಅಂದೆ. ಸುಳ್ಳಲ್ಲ. ಆಯುರ್ವೇದದ ದ್ರಾಕ್ಷಾಸವವೂ ದ್ರಾಕ್ಷಿಯ ರಸಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಹುದುಗು ಬರಿಸಿದ್ದೇ; ಅದರಲ್ಲೂ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ. ನಮ್ಮ ಮನೆಯಲ್ಲಿ ಹೆರಿಗೆ ಆದವರಿಗೆ, ನಿಶ್ಶಕ್ತಿ ಆದವರಿಗೆ ಅದನ್ನು ಕೊಡುತ್ತಿದ್ದರು. "ಹಂಗಾದ್ರ ಒಂದು ಚಮಚ ಕೊಡು" ಅಂದರು ಅವ್ವ. ಬಿಸಿನೀರಿಗೆ ಬೆರೆಸಿ ಕೊಟ್ಟೆ. ನಾಲ್ಕು ದಿನ ಕೊಟ್ಟೆ. ಕೆಮ್ಮು ಕಡಿಮೆ ಆಯಿತು, ಬಹುಶಃ ತಾನಾಗಿಯೇ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅದೇ ಬಾಟಲಿಯ ಕಂಪನಿಯ ಸ್ಟಾಕ್ ಸ್ಟೇಟ್‌ಮೆಂಟ್ ನನ್ನ ಮೇಜಿಗೆ ಬಂತು. ಕ್ಯಾಶ್ ಕ್ರೆಡಿಟ್ ಸಾಲಕ್ಕೆ ತಿಂಗಳು ತಿಂಗಳು ಗೋದಾಮಿನಲ್ಲಿ ಏನೇನು ಇದೆ ಅಂತ ಅವರು ಬರೆದು ಕೊಡಬೇಕು, ಅದರ ಮೇಲೆ ನಾವು ಡ್ರಾಯಿಂಗ್ ಪವರ್ ಲೆಕ್ಕ ಹಾಕಬೇಕು. ಬಾಟಲಿ, ಬೂಚು, ಯೀಸ್ಟ್, ಗಂಧಕದ ಪುಡಿ, ಬೆಂಟೊನೈಟ್. ಅದರ ಕೆಳಗೆ ಒಂದು ಸಾಲು: ಎಗ್ ಆಲ್ಬುಮಿನ್, ಇಷ್ಟು ಕಿಲೋ. ಟೈಪಿಂಗ್ ತಪ್ಪು ಅಂದುಕೊಂಡೆ. ಇನ್ಸ್‌ಪೆಕ್ಷನ್‌ಗೆ ಹೋದಾಗ ಕೇಳಿದೆ. ಅಲ್ಲಿಯ ವೈನ್ ತಯಾರಕ, ಮರಾಠಿ ಹುಡುಗ, ನಕ್ಕುಬಿಟ್ಟ. "ಸಾಹೇಬ, ಮೊಟ್ಟೆಯ ಬಿಳಿ ಹಾಕುತ್ತೇವೆ, ಆದರೆ ಅದು ಬಾಟಲಿಗೆ ಬರುವುದಿಲ್ಲ. ಕಸ ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ" ಅಂದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೆಬಿಟ್ ಆಗಿ, ರಿವರ್ಸ್ ಆಗಿ, ಬ್ಯಾಲೆನ್ಸ್ ಸೊನ್ನೆ. ಆದರೆ ಸೊನ್ನೆ ಬ್ಯಾಲೆನ್ಸಿನ ಖಾತೆಯಲ್ಲೂ ಎಂಟ್ರಿಗಳು ಉಳಿದಿರುತ್ತವೆ ಅನ್ನುವುದು ಬ್ಯಾಂಕಿನವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆವತ್ತಿನಿಂದ ಈ ವಿಷಯ ಓದಲು ಶುರು ಮಾಡಿದೆ. ಹೊಸ ವೈನ್ ಕದಡಿದ ನೀರಿನ ಹಾಗೆ ಮಬ್ಬಾಗಿರುತ್ತದೆ. ಹಣ್ಣಿನ ಸಿಪ್ಪೆ, ಬೀಜದಿಂದ ಬಂದ ಒಗರು, ಸತ್ತ ಯೀಸ್ಟ್, ಕಣ್ಣಿಗೆ ಕಾಣದ ಪ್ರೋಟೀನ್ ಎಲ್ಲ ಅದರಲ್ಲಿ ತೇಲುತ್ತಿರುತ್ತದೆ. ಅದು ತಿಳಿಯಾಗಬೇಕಾದರೆ ಒಂದೋ ಬಹಳ ದಿನ ಕಾಯಬೇಕು, ಇಲ್ಲವೆ ಆ ಕಣಗಳನ್ನು ಅಂಟಿಸಿಕೊಂಡು ಕೆಳಗೆ ಎಳೆಯುವ ಏನನ್ನಾದರೂ ಹಾಕಬೇಕು. ಇದು ನಮಗೇನು ಹೊಸದಲ್ಲ. ಕೆಂಪು ನೀರನ್ನು ತಿಳಿ ಮಾಡಲು ಹಿಂದಿನವರು ಕೊಡದ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದರು. ಆಲೆಮನೆಯಲ್ಲಿ ಕಬ್ಬಿನ ರಸ ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ. ಸಕ್ಕರೆ ಪಾಕಕ್ಕೆ ಅವ್ವ ಎರಡು ಚಮಚ ಹಾಲು ಬಿಡುತ್ತಿದ್ದದ್ದೂ ಅದಕ್ಕೇ. ಹಾಲಿನ ಪ್ರೋಟೀನು ಕೊಳೆಯನ್ನು ಹಿಡಿದು ಮೇಲೆ ತರುತ್ತದೆ, ಸೌಟಿನಿಂದ ತೆಗೆದು ಚೆಲ್ಲುತ್ತಾರೆ. ನಮ್ಮವರಿಗೆ ಬೀಜ, ಲೋಳೆ, ಹಾಲು ಕೈಗೆ ಸಿಕ್ಕವು. ಯುರೋಪಿನವರಿಗೆ ಮೊಟ್ಟೆ, ಮೀನು, ರಕ್ತ ಸಿಕ್ಕವು.

ಮೊಟ್ಟೆಯ ಕತೆ ಬಹಳ ಹಳೆಯದು. ಎರಡು ಸಾವಿರ ವರ್ಷದ ಹಿಂದಿನ ರೋಮನ್ ಕವಿ ಹೊರೇಸ್ ಒಂದು ವಿಡಂಬನೆಯಲ್ಲಿ ಊಟದ ಶೋಕಿಯವನೊಬ್ಬನ ಬಾಯಲ್ಲಿ ವೈನನ್ನು ಪಾರಿವಾಳದ ಮೊಟ್ಟೆಯಿಂದ ತಿಳಿ ಮಾಡುವ ವಿದ್ಯೆ ಹೇಳಿಸಿದ್ದಾನೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಕೆಂಪು ವೈನಿಗೆ ಕೋಳಿಮೊಟ್ಟೆಯ ಬಿಳಿಯೇ ಶಾಸ್ತ್ರ. ಅಲ್ಲಿಯ ಓಕ್ ಮರದ ಪೀಪಾಯಿ 225 ಲೀಟರಿನದು, ಅಂದರೆ 300 ಬಾಟಲಿ. ಅದಕ್ಕೆ ಐದಾರು ಮೊಟ್ಟೆಯ ಬಿಳಿ ಕಡೆದು ಬೆರೆಸುತ್ತಾರೆ. ಬಿಳಿಯಲ್ಲಿರುವ ಆಲ್ಬುಮಿನ್ ಒಗರಿನ ಟ್ಯಾನಿನ್‌ಗೆ ಅಂಟಿಕೊಂಡು, ಕೆಲವು ವಾರಗಳಲ್ಲಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ವೈನ್ ತಿಳಿಯೂ ಆಗುತ್ತದೆ, ನಾಲಗೆಗೆ ಮೆತ್ತಗೂ ಆಗುತ್ತದೆ.

ಲೆಕ್ಕ ಹಾಕಿ ನೋಡಿ: ಸಾವಿರ ಪೀಪಾಯಿ ಇರುವ ಮನೆತನಕ್ಕೆ ಐದಾರು ಸಾವಿರ ಮೊಟ್ಟೆ ಬೇಕು. ಹಳದಿ ಏನು ಮಾಡುವುದು? ಇಲ್ಲಿ ಇತಿಹಾಸ ಅಡುಗೆಮನೆಗೆ ಹೋಗುತ್ತದೆ. ಬೋರ್ಡೋದ ಕನೆಲೆ ಎಂಬ ಸಣ್ಣ ಕಪ್ಪನೆಯ ಕೇಕು ಹೀಗೆ ಉಳಿದ ಹಳದಿಯಿಂದ ಹುಟ್ಟಿತು ಅನ್ನುತ್ತಾರೆ. ಸ್ಪೇನಿನ ಹೆರೆಸ್‌ನಲ್ಲಿ ಶೆರಿ ವೈನ್ ಮಾಡುವವರು ಉಳಿದ ಹಳದಿಯನ್ನು ಕ್ರೈಸ್ತ ಸನ್ಯಾಸಿನಿಯರ ಮಠಗಳಿಗೆ ಕೊಡುತ್ತಿದ್ದರಂತೆ, ಅವರು ಅದಕ್ಕೆ ಸಕ್ಕರೆ ಬೆರೆಸಿ ಒಂದು ಗಟ್ಟಿ ಸಿಹಿ ಮಾಡುತ್ತಿದ್ದರಂತೆ. ಪೋರ್ಚುಗಲ್‌ನ ಮಠಗಳ ಸಿಹಿತಿಂಡಿಗಳೂ ಹಳದಿಮಯ; ಅಲ್ಲಿ ಬಿಳಿ ಭಾಗ ಸನ್ಯಾಸಿನಿಯರ ಬಟ್ಟೆಗೆ ಗಂಜಿ ಹಾಕಲಿಕ್ಕೂ ಹೋಗುತ್ತಿತ್ತು. ಅದೇ ರುಚಿ ಹಡಗು ಹತ್ತಿ ಗೋವೆಗೂ ಬಂತು. ಬೆಬಿಂಕಾದ ಪದರ ಪದರದಲ್ಲಿ ಇರುವುದು ಹಳದಿಯೇ. ಮುಂಬಯಿಯಲ್ಲಿ ನನ್ನ ಗೋವೆಯ ಸಹೋದ್ಯೋಗಿಯೊಬ್ಬರು ಪ್ರತಿ ಕ್ರಿಸ್‌ಮಸ್‌ಗೆ ಅದನ್ನು ಕೊಡಲು ಬಂದು, ನನ್ನನ್ನು ನೋಡಿ, "ಓ, ನಿಮಗೆ ನಡೆಯೋದಿಲ್ಲ ಅಲ್ವಾ" ಅಂತ ಮುಂದೆ ಹೋಗುತ್ತಿದ್ದರು. ಬಿಳಿ ನಡೆದಿದೆ, ಹಳದಿ ನಡೆಯುವುದಿಲ್ಲ ಅಂತ ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬಿಳಿ ವೈನಿಗೆ ಮೀನು. ಸ್ಟರ್ಜನ್ ಎಂಬ ದೊಡ್ಡ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿದರೆ ಐಸಿಂಗ್ಲಾಸ್ ಅನ್ನುವ ಪಾರದರ್ಶಕ ಹಾಳೆ ಆಗುತ್ತದೆ. ರಷ್ಯಾದಿಂದ ಬರುತ್ತಿದ್ದ ಈ ಸರಕು ತುಟ್ಟಿ. 1795ರಲ್ಲಿ ವಿಲಿಯಂ ಮರ್ಡಾಕ್, ಉಗಿಯಂತ್ರದ ಜೇಮ್ಸ್ ವಾಟ್ ಜೊತೆ ಇದ್ದು ಮುಂದೆ ಗ್ಯಾಸ್ ದೀಪಕ್ಕೆ ಹೆಸರಾದವನು, ಅಗ್ಗದ ಕಾಡ್ ಮೀನಿನಿಂದಲೂ ಅದೇ ಕೆಲಸ ಆಗುತ್ತದೆ ಅಂತ ತೋರಿಸಿದ. ಲಂಡನ್ನಿನ ಬಿಯರ್ ತಯಾರಕರು ಅವನಿಗೆ 2,000 ಪೌಂಡ್ ಕೊಟ್ಟು ಆ ಹಕ್ಕು ಪಡೆದರು. ಆ ಕಾಲಕ್ಕೆ ದೊಡ್ಡ ಮೊತ್ತ. ಇನ್ನು ದನದ ರಕ್ತ: ದಕ್ಷಿಣ ಯುರೋಪಿನಲ್ಲಿ ಅದನ್ನೂ ಬಳಸುತ್ತಿದ್ದರು. ಹುಚ್ಚು ದನದ ರೋಗದ ಗಲಾಟೆ ಎದ್ದಮೇಲೆ, 1990ರ ದಶಕದ ಕೊನೆಯಲ್ಲಿ, ಯುರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿತು. ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್ ಮಾತ್ರ ಇನ್ನೂ ಇದೆ. ಹಾಲಿನ ಕೇಸಿನ್ ಕೂಡ ಇದೆ. ಅದು ನಮಗೆ ತೊಂದರೆ ಇಲ್ಲ, ವೀಗನ್ ಅನ್ನುವವರಿಗೆ ಇದೆ.

ಮಣ್ಣಿನ ಕತೆ ನನಗೆ ಇಷ್ಟ. ಬೆಂಟೊನೈಟ್ ಅನ್ನುವುದು ಬೂದಿ ಬಣ್ಣದ ಒಂದು ಜೇಡಿಮಣ್ಣು. ಅಮೆರಿಕದ ವಯೋಮಿಂಗ್‌ನಲ್ಲಿ 1898ರಲ್ಲಿ ಅದಕ್ಕೆ ಆ ಹೆಸರು ಬಿತ್ತು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಅದನ್ನು ವೈನಿಗೆ ಬಳಸುವುದು ಕಂಡುಕೊಂಡರು. ನೀರು ಕುಡಿದು ಉಬ್ಬಿ, ಪ್ರೋಟೀನನ್ನೆಲ್ಲ ಹಿಡಿದು ತಳಕ್ಕೆ ಕೂರುತ್ತದೆ. ನಮ್ಮ ದೇಶದಲ್ಲಿ ಕಛ್ ಮತ್ತು ಬಾಡ್ಮೇರ್ ಕಡೆ ಈ ಮಣ್ಣು ಸಿಗುತ್ತದೆ. ಬಿಲ್ಡರ್‌ಗಳ ಸಾಲದ ಫೈಲಿನಲ್ಲಿ ಇದರ ಹೆಸರು ಎಷ್ಟೋ ಸಲ ನೋಡಿದ್ದೆ. ಮುಂಬಯಿಯಲ್ಲಿ ಎತ್ತರದ ಕಟ್ಟಡಕ್ಕೆ ಪೈಲ್ ಇಳಿಸಲು ಕುಳಿ ತೋಡಿದಾಗ ಅದರ ಗೋಡೆ ಕುಸಿಯದಂತೆ ಸುರಿಯುವ ರಾಡಿ ಇದೇ. ಈಗ ಬಟಾಣಿಯ, ಆಲೂಗಡ್ಡೆಯ ಪ್ರೋಟೀನೂ ಬಂದಿದೆ. ಅಂದರೆ ಮೊಟ್ಟೆ, ಮೀನು ಇಲ್ಲದೆ ವೈನ್ ಆಗುವುದಿಲ್ಲ ಅಂತೇನೂ ಇಲ್ಲ.

ತೊಂದರೆ ಇರುವುದು ಲೇಬಲ್ಲಿನಲ್ಲಿ. ಹಸಿರು ಚುಕ್ಕೆ, ಕಂದು ಗುರುತು ನಮ್ಮ ಪೊಟ್ಟಣಗಳ ಮೇಲೆ 2001ರಿಂದೀಚೆಗೆ ಬಂದವು. ನಮ್ಮ ಕಾನೂನಿನ ಪ್ರಕಾರ ಮೊಟ್ಟೆ ಮಾಂಸಾಹಾರ, ಹಾಲು ಅಲ್ಲ. ಸರಿಯಾಗಿಯೇ ಇದೆ. ಆದರೆ 2020ರ ಲೇಬಲ್ ನಿಯಮದಲ್ಲಿ ಈ ಗುರುತಿನಿಂದ ಮದ್ಯಕ್ಕೆ ವಿನಾಯಿತಿ. ಬಿಸ್ಕತ್ತಿನ ಮೇಲೆ ಚುಕ್ಕೆ ಹುಡುಕುವ ನಾವು ವೈನಿನ ಮೇಲೆ ಏನನ್ನು ಹುಡುಕಬೇಕು? ಯುರೋಪಿನಲ್ಲಿ 2012ರಿಂದ, ಮೊಟ್ಟೆ ಅಥವಾ ಹಾಲು ಬಳಸಿ ಅದರ ಅಂಶ ವೈನಿನಲ್ಲಿ ಪತ್ತೆಯಾದರೆ ಲೇಬಲ್ಲಿನಲ್ಲಿ ಬರೆಯಲೇಬೇಕು. ಅದು ಅಲರ್ಜಿ ಇರುವವರಿಗಾಗಿ, ನಮ್ಮಂಥವರಿಗಾಗಿ ಅಲ್ಲ. ಅದಕ್ಕೇ ಐಸಿಂಗ್ಲಾಸ್‌ಗೆ ಅಲ್ಲಿ ವಿನಾಯಿತಿ: ಮೀನಿನ ಅಲರ್ಜಿ ಅದರಿಂದ ಆಗುವುದಿಲ್ಲ, ಹಾಗಾಗಿ ಬರೆಯಬೇಕಿಲ್ಲ. 2023ರ ಡಿಸೆಂಬರ್‌ನಿಂದ ವೈನಿಗೂ ಪದಾರ್ಥಗಳ ಪಟ್ಟಿ ಕಡ್ಡಾಯ ಆಗಿದೆ, ಆದರೆ ಹಾಕಿ ತೆಗೆದದ್ದು ಪದಾರ್ಥ ಅಲ್ಲ ಅನ್ನುವುದು ಅವರ ವಾದ. ನಾಶಿಕದ ಹುಡುಗ ಹೇಳಿದ್ದೂ ಅದೇ.

ಈ "ಹಾಕಿ ತೆಗೆದದ್ದು" ನನಗೆ ಬಹಳ ದಿನ ಕಾಡಿತು. ಗಾಂಧೀಜಿ ಆತ್ಮಕಥೆಯಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಂಗ ಇದೆ. 1888ರಲ್ಲಿ ಲಂಡನ್ನಿಗೆ ಹೋಗುವ ಮುನ್ನ ತಾಯಿಯ ಎದುರು ಮಾಂಸ, ಮದ್ಯ, ಪರಸ್ತ್ರೀ ಮುಟ್ಟುವುದಿಲ್ಲ ಅಂತ ಆಣೆ ಇಟ್ಟಿದ್ದರು. ಬ್ಯಾರಿಸ್ಟರ್ ಓದುವವರ ಔತಣದಲ್ಲಿ ನಾಲ್ಕು ಜನರ ಮೇಜಿಗೆ ಎರಡು ಬಾಟಲಿ ವೈನ್. ಕುಡಿಯದ ಗಾಂಧಿಯನ್ನು ತಮ್ಮ ಮೇಜಿಗೆ ಕರೆಯಲು ಪೈಪೋಟಿ. ಅಲ್ಲಿಯ ಸಸ್ಯಾಹಾರಿಗಳಲ್ಲಿ ಮೊಟ್ಟೆ ಮಾಂಸ ಅಲ್ಲ ಅನ್ನುವವರಿದ್ದರು. ಅವರ ಮಾತು ಕೇಳಿ ಗಾಂಧಿ ಕೆಲವು ದಿನ ಮೊಟ್ಟೆ ತಿಂದರು. ಆಮೇಲೆ ಹೊಳೆಯಿತು: ಆಣೆ ಕೇಳಿದ್ದು ತಾಯಿ, ತಾಯಿಯ ಪ್ರಕಾರ ಮಾಂಸ ಅಂದರೆ ಯಾವುದೋ ಅದೇ ಮಾಂಸ. ಬಿಟ್ಟರು.

2009ರಲ್ಲಿ ನಾನು ಮುಂಬಯಿಗೆ ಬಂದಿದ್ದೆ. ಊರಿಗೆ ಹೋದಾಗ ಅವ್ವನಿಗೆ ಮತ್ತೆ ಕೆಮ್ಮು. "ಆ ನಾಶಿಕದ ದ್ರಾಕ್ಷಾಸವ ಭಾಳ ಛಲೋ ಇತ್ತಪಾ, ಇನ್ನೂ ಸಿಗ್ತದೇನು?" ಅಂತ ಕೇಳಿದರು. ಹೇಳಿಬಿಡಬೇಕು ಅಂದುಕೊಂಡೆ. ಎಪ್ಪತ್ತೆಂಟು ವರ್ಷ ಕಾಯ್ದುಕೊಂಡು ಬಂದದ್ದನ್ನು ಮಗ ನಾಲ್ಕು ಚಮಚದಲ್ಲಿ ಕಳೆದ ಅಂತ ಹೇಗೆ ಹೇಳುವುದು? "ಇಲ್ಲವ್ವಾ, ಆ ಕಂಪನಿ ಮುಚ್ಚಿತು" ಅಂದೆ. ಮುಚ್ಚಿರಲಿಲ್ಲ. 2011ರಲ್ಲಿ ಅವ್ವ ತೀರಿಕೊಂಡರು.

ಈಗ ಡೊಂಬಿವಲಿಯಲ್ಲಿ ಇದ್ದೇನೆ. ಪುಣೆಯಿಂದ ಮಗಳು-ಅಳಿಯ ಬಂದಾಗ ಒಂದು ಬಾಟಲಿ ಬರುತ್ತದೆ, ಆಯ್ಕೆ ನನ್ನದು. ವೀಗನ್ ಮುದ್ರೆ ಇದ್ದರೆ ಚಿಂತೆ ಇಲ್ಲ. ತಿಳಿಕಾರಕ ಹಾಕಿಲ್ಲ ಅಂತ ಲೇಬಲ್ಲಿನಲ್ಲಿ ಬರೆದಿದ್ದರೂ ನಡೆಯುತ್ತದೆ. ಆದರೆ ಸೋಸಿಲ್ಲ ಅನ್ನುವುದೇ ಬೇರೆ, ತಿಳಿಕಾರಕ ಹಾಕಿಲ್ಲ ಅನ್ನುವುದೇ ಬೇರೆ, ಎರಡನ್ನೂ ಗಮನಿಸಿ ಓದಬೇಕು. ಜಾರ್ಜಿಯಾ ದೇಶದಲ್ಲಿ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆಗಳಲ್ಲಿ ವೈನ್ ಮಾಡುವ ಪದ್ಧತಿ ಇದೆ, 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ತಿಂಗಳುಗಟ್ಟಲೆ ಬಿಟ್ಟು ತಾನಾಗಿ ತಿಳಿಯಾಗಲು ಬಿಡುತ್ತಾರೆ. ಆದರೆ ಅದೇ ದೇಶದಲ್ಲಿ ಕಾರ್ಖಾನೆ ವೈನೂ ಇದೆ, ದೇಶದ ಹೆಸರು ನೋಡಿ ಮೋಸ ಹೋಗಬಾರದು. ಬೋರ್ಡೋದ ಹಳೆಯ ಮನೆತನಗಳ ಕೆಂಪು ವೈನಾದರೆ ಮೊದಲು ಅನುಮಾನ, ಆಮೇಲೆ ವಿಚಾರಣೆ. ನಮ್ಮ ದೇಶದ ವೈನ್ ಆದರೆ ಕಂಪನಿಗೇ ಇ-ಮೇಲ್ ಬರೆಯುತ್ತೇನೆ: ಈ ವರ್ಷದ ಈ ವೈನಿಗೆ ಏನು ಹಾಕಿದ್ದೀರಿ? ವರ್ಷ ಬರೆಯುವುದು ಮುಖ್ಯ, ಯಾಕೆಂದರೆ ಒಂದು ವರ್ಷ ಮಣ್ಣು ಹಾಕಿದವರು ಮರುವರ್ಷ ಮೊಟ್ಟೆ ಹಾಕಬಹುದು. ಉತ್ತರಗಳನ್ನು ಹಳೆಯ ಲೆಡ್ಜರ್ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದೇನೆ. ಒಬ್ಬರು ಎರಡೇ ದಿನದಲ್ಲಿ ಮೂರು ಪುಟದ ಉತ್ತರ ಕಳಿಸಿದರು. ಉತ್ತರ ಕೊಡದವರದ್ದು ಮನೆಗೆ ತರುವುದಿಲ್ಲ. ಹೆಂಡತಿ ಈಗಲೂ ಮುಟ್ಟುವುದಿಲ್ಲ. "ನಿಮ್ಮ ಲೆಡ್ಜರ್ ನಿಮಗಿರ್ಲಿ" ಅನ್ನುತ್ತಾಳೆ.