ಸೈನ್ಯವನ್ನ ಬಾಡಿಗೆಗೆ ತಗೊಂಡ ತ್ರಿಪ್ಲಿಕೇನ್ ನವಾಬ

ಈ ಸಲದ ಮಾತು ಚೆನ್ನೈನ ತ್ರಿಪ್ಲಿಕೇನ್ ಬಗ್ಗೆ. ಒಎಂಆರ್ ಕಡೆ ಕೆಲಸ ಮಾಡೋ ನಮ್ಮ ಹುಡುಗ ಹುಡುಗಿಯರಿಗೆ ಈ ಏರಿಯಾ ಗೊತ್ತಿರೋದು ಚೆಪಾಕ್ ಸ್ಟೇಡಿಯಂನಿಂದ, ಬ್ಯಾಚಲರ್‌ಗಳ ಮ್ಯಾನ್ಶನ್‌ಗಳಿಂದ, ಪಾರ್ಥಸಾರಥಿ ದೇವಸ್ಥಾನದಿಂದ. ಮ್ಯಾಚ್ ನೋಡೋಕೆ ಹೋದೋರೆಲ್ಲ ವಾಲಾಜಾ ರೋಡ್ ದಾಟಿರ್ತೀರಿ. ತ್ರಿಪ್ಲಿಕೇನ್ ಹೈ ರೋಡ್‌ನಲ್ಲಿ 1795ರಲ್ಲಿ ಕಟ್ಟಿದ ದೊಡ್ಡ ಮಸೀದಿಗೂ ವಾಲಾಜಾ ಅಂತಲೇ ಹೆಸರು. ಸ್ಟೇಡಿಯಂ ಪಕ್ಕದ ಕೆಂಪು ಕಟ್ಟಡ, ಚೆಪಾಕ್ ಅರಮನೆ, ಅದೂ ಅವನದೇ.

ಈ ವಾಲಾಜಾ ಅಂದ್ರೆ ಆರ್ಕಾಟಿನ ನವಾಬ ಮಹಮ್ಮದ್ ಅಲಿ. ಹೆಸರು ಆರ್ಕಾಟಿನದ್ದು, ಆದರೆ 1760ರ ದಶಕದ ಕೊನೆಯಿಂದ ಅವನು ಇದ್ದದ್ದು ಇಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಯಿಂದ ಎರಡು ಮೂರು ಕಿಲೋಮೀಟರ್ ದೂರ. ರಾಜ ತನ್ನ ರಾಜಧಾನಿ ಬಿಟ್ಟು ಒಂದು ಕಂಪನಿಯ ಕಾಂಪೌಂಡ್ ಪಕ್ಕಕ್ಕೆ ಯಾಕೆ ಬಂದ? ಅದಕ್ಕೆ ಉತ್ತರ ಹುಡುಕ್ತಾ ಹೋದರೆ ಇವತ್ತಿನ ನಮ್ಮ ಆಫೀಸುಗಳ ಬಗ್ಗೆ ಒಂದು ಮಾತು ಸಿಗುತ್ತೆ.

ಅಡ್ಯಾರಿನ ಡೆಮೋ

ಕಥೆ ಶುರುವಾಗೋದು 1746ರ ಅಕ್ಟೋಬರ್‌ನಲ್ಲಿ, ಅಡ್ಯಾರ್ ನದಿ ದಂಡೆಯಲ್ಲಿ. ಆಗ ನವಾಬನಾಗಿದ್ದವನು ಮಹಮ್ಮದ್ ಅಲಿಯ ಅಪ್ಪ ಅನ್ವರುದ್ದೀನ್. ಮದ್ರಾಸನ್ನು ಫ್ರೆಂಚರು ಇಂಗ್ಲಿಷರಿಂದ ಕಿತ್ಕೊಂಡಿದ್ದರು, ನವಾಬನಿಗೆ ಬಿಟ್ಟುಕೊಡಲಿಲ್ಲ. ಅವನು ಹಿರಿಮಗ ಮಹಫೂಜ್ ಖಾನನ ಕೈಲಿ ಸುಮಾರು 10,000 ಜನರ ಸೈನ್ಯ ಕಳಿಸಿದ. ಎದುರಿಗೆ ಫ್ರೆಂಚರ ಪರವಾಗಿ ಇದ್ದದ್ದು ಸಾವಿರದ ಆಸುಪಾಸು ಜನ, ಅವರಲ್ಲಿ ಬಹುಪಾಲು ಇಲ್ಲಿಯವರೇ ಆದ ಸಿಪಾಯಿಗಳು. ಆ ಸಣ್ಣ ದಳ ನದಿ ದಾಟಿ ಬಂದು ದೊಡ್ಡ ಸೈನ್ಯವನ್ನು ಓಡಿಸಿಬಿಟ್ಟಿತು.

ದಕ್ಷಿಣದ ದರ್ಬಾರುಗಳಿಗೆಲ್ಲ ಇದು ಒಂದು ಡೆಮೋ ಇದ್ದ ಹಾಗೆ. ಸಾಲಾಗಿ ನಿಂತು, ಹೇಳಿದಾಗ ಗುಂಡು ಹಾರಿಸಿ, ಹೇಳಿದಾಗ ಮುಂದೆ ಹೋಗೋ ಕಾಲಾಳುಗಳು ಕುದುರೆ ಸೈನ್ಯವನ್ನ ನಿಲ್ಲಿಸಬಹುದು ಅಂತ ಗೊತ್ತಾಯಿತು. ಮುಂದಿನ ಹತ್ತಿಪ್ಪತ್ತು ವರ್ಷ ಯುರೋಪಿಯನ್ ಡ್ರಿಲ್ ಅನ್ನೋದೇ ಫ್ಯಾಷನ್. ಫ್ಯಾಷನ್ ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ. ಡ್ರಿಲ್ ನಿಜವಾಗಲೂ ಕೆಲಸ ಮಾಡ್ತಿತ್ತು. ಅದನ್ನ ಹೇಗೆ ತಗೊಂಡರು ಅನ್ನೋದರಲ್ಲಿ ಇಬ್ಬರ ದಾರಿ ಬೇರೆಯಾಯಿತು.

ಒಬ್ಬ ಬಾಡಿಗೆಗೆ, ಒಬ್ಬ ಸ್ವಂತಕ್ಕೆ

ಅನ್ವರುದ್ದೀನ್ 1749ರಲ್ಲಿ ಆಂಬೂರಿನ ಯುದ್ಧದಲ್ಲಿ ಸತ್ತ. ಮಹಮ್ಮದ್ ಅಲಿ ತಿರುಚಿನಾಪಳ್ಳಿ ಕೋಟೆ ಸೇರಿಕೊಂಡು ಎಲ್ಲರ ಸಹಾಯ ಕೇಳಿದ. ಮೈಸೂರಿನ ಸರ್ವಾಧಿಕಾರಿ ಕಳಲೆ ನಂಜರಾಜನಿಗೆ, ನನ್ನ ಉಳಿಸಿದರೆ ತಿರುಚಿನಾಪಳ್ಳಿಯನ್ನೇ ಕೊಡ್ತೀನಿ ಅಂತ ಮಾತು ಕೊಟ್ಟ. ನಂಜರಾಜ ಸೈನ್ಯ ತಗೊಂಡು ಹೋದ. ಗೆದ್ದ ಮೇಲೆ ನವಾಬ ಕೈ ಎತ್ತಿಬಿಟ್ಟ. ಮೂರು ವರ್ಷ ಅಲ್ಲೇ ಬೀಡುಬಿಟ್ಟ ಮೈಸೂರು ಸೈನ್ಯ 1755ರಲ್ಲಿ ಬರಿಗೈಲಿ ವಾಪಸ್ಸಾಯಿತು. ಮೈಸೂರಿನ ಖಜಾನೆ ಖಾಲಿಯಾಗಿದ್ದು ಅಲ್ಲಿ.

ಆದರೆ ಆ ಸೈನ್ಯದಲ್ಲಿ ಹೈದರಾಲಿ ಅನ್ನೋ ಒಬ್ಬ ನಾಯಕ ಇದ್ದ. ಓದು ಬರಹ ಬಾರದ ಈ ಮನುಷ್ಯ ಫ್ರೆಂಚರ, ಇಂಗ್ಲಿಷರ ದಳಗಳನ್ನು ಕಣ್ಣಾರೆ ನೋಡಿದ. ಆಮೇಲೆ ದಿಂಡಿಗಲ್‌ನ ಫೌಜುದಾರನಾದಾಗ ಫ್ರೆಂಚ್ ಕುಶಲಕರ್ಮಿಗಳನ್ನ ಕರೆಸಿ ಮದ್ದುಗುಂಡಿನ ಕಾರ್ಖಾನೆ ಹಾಕಿದ. ಬೇರೆಯವರಿಂದ ಕಲಿತ, ಬೇರೆಯವರನ್ನ ಕೆಲಸಕ್ಕೂ ಇಟ್ಕೊಂಡ, ಆದರೆ ಸೈನ್ಯ ಅವನದ್ದು, ಸಂಬಳ ಕೊಡೋ ಕೈ ಅವನದ್ದು.

ಮಹಮ್ಮದ್ ಅಲಿಗೆ ಅದಕ್ಕಿಂತ ಸುಲಭದ ದಾರಿ ಕಂಡಿತು. ಡ್ರಿಲ್ ಆಗಿರೋ ಸೈನ್ಯ ಕಂಪನಿ ಹತ್ತಿರ ರೆಡಿಯಾಗೇ ಇದೆಯಲ್ಲ, ನಾವ್ಯಾಕೆ ಕಷ್ಟಪಟ್ಟು ಬೆಳೆಸಬೇಕು? ಕಂಪನಿ ಕಾವಲು ಕಾಯಲಿ, ನಾವು ಖರ್ಚು ಕೊಡೋಣ. ಇವತ್ತಿನ ಪ್ರೆಸೆಂಟೇಷನ್ ಸ್ಲೈಡಿನಲ್ಲಿ ಹಾಕಿದರೂ ಇದು ಬುದ್ಧಿವಂತಿಕೆಯ ಮಾತಾಗೇ ಕಾಣುತ್ತೆ.

ಬಿಲ್ಲು ಬರೋಕೆ ಶುರುವಾದಾಗ

ಕಂಪನಿ ಕಂತು ಕೇಳಿದಾಗ ನವಾಬನ ಹತ್ತಿರ ನಗದು ಇರ್ತಿರಲಿಲ್ಲ. ಆಗ ಸಾಲ ಕೊಡೋಕೆ ಮುಂದೆ ಬರ್ತಿದ್ದವರು ಯಾರು ಗೊತ್ತಾ? ಅದೇ ಕಂಪನಿಯ ನೌಕರರು. ಸಣ್ಣ ಸಂಬಳದ ಗುಮಾಸ್ತರಿಂದ ಹಿಡಿದು ಕೌನ್ಸಿಲ್ ಸದಸ್ಯರವರೆಗೆ, ತಮ್ಮ ಖಾಸಗಿ ಲೆಕ್ಕದಲ್ಲಿ, ವರ್ಷಕ್ಕೆ ನೂರಕ್ಕೆ 20, 25 ಬಡ್ಡಿಗೆ. ಅಡಮಾನ ಜಿಲ್ಲೆಗಳ ಕಂದಾಯ. ಅಂದ್ರೆ ಒಂದು ಕೈಯಲ್ಲಿ ಬಿಲ್ ಕೊಡ್ತಾರೆ, ಇನ್ನೊಂದು ಕೈಯಲ್ಲಿ ಆ ಬಿಲ್ ಕಟ್ಟೋಕೆ ಸಾಲ ಕೊಡ್ತಾರೆ. ಸಾಲ ವಸೂಲಿಗೆ ಹೋದವರು ರೈತನ ಮೈ ಹಿಂಡ್ತಾರೆ. ರೈತ ಊರು ಬಿಟ್ಟರೆ ಮುಂದಿನ ವರ್ಷದ ಕಂದಾಯ ಇಳಿಯುತ್ತೆ. ಆಗ ಇನ್ನೊಂದು ಸಾಲ.

ಇವರಲ್ಲಿ ಹೆಸರುವಾಸಿ ಪಾಲ್ ಬೆನ್‌ಫೀಲ್ಡ್. 1764ರಲ್ಲಿ ಮದ್ರಾಸಿಗೆ ಬಂದ ಸಣ್ಣ ನೌಕರ, ಕೋಟೆಯ ಕಾಮಗಾರಿ ಗುತ್ತಿಗೆ ಹಿಡಿದಿದ್ದ. ಚೆಪಾಕ್ ಅರಮನೆ ಕಟ್ಟಿಸಿದ್ದೂ ಅವನೇ ಅಂತ ಹೇಳೋದುಂಟು. 1773ರಲ್ಲಿ ಕಂಪನಿಯ ಸೈನ್ಯ ಬಳಸಿ ನವಾಬ ತಂಜಾವೂರನ್ನ ಹಿಡಿದ. 1776ರಲ್ಲಿ ಗವರ್ನರ್ ಲಾರ್ಡ್ ಪಿಗಟ್ ಅದನ್ನ ತಂಜಾವೂರಿನ ರಾಜನಿಗೆ ವಾಪಸ್ ಕೊಡಿಸಲು ಹೋದಾಗ ಬೆನ್‌ಫೀಲ್ಡ್ ಎದ್ದು ನಿಂತು, ಅಲ್ಲಿನ ಬೆಳೆ ಮೇಲೆ, ಜನರ ಮೇಲೆ ನನಗೆ 2 ಲಕ್ಷ 30 ಸಾವಿರ ಪೌಂಡಿಗಿಂತ ಹೆಚ್ಚು ಬರಬೇಕು ಅಂದ. ಜಗಳ ಎಲ್ಲಿಗೆ ಹೋಯಿತು ಅಂದ್ರೆ, ಕೌನ್ಸಿಲ್‌ನ ಬಹುಮತದವರು ತಮ್ಮದೇ ಗವರ್ನರನ್ನ ಆಗಸ್ಟ್‌ನಲ್ಲಿ ಬಂಧಿಸಿಬಿಟ್ಟರು. ಪಿಗಟ್ 1777ರ ಮೇನಲ್ಲಿ ಬಂಧನದಲ್ಲೇ ಸತ್ತ. ಸಾಲದ ಸುತ್ತ ಬೆಳೆದ ಲಾಭ ಕಂಪನಿಯನ್ನೇ ನುಂಗೋ ಮಟ್ಟಕ್ಕೆ ಬಂದಿತ್ತು.

1785ರ ಫೆಬ್ರವರಿ 28ರಂದು ಎಡ್ಮಂಡ್ ಬರ್ಕ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಆರ್ಕಾಟ್ ನವಾಬನ ಸಾಲಗಳ ಬಗ್ಗೆಯೇ ದೊಡ್ಡ ಭಾಷಣ ಮಾಡಿದ. ಪರಿಶೀಲನೆ ಇಲ್ಲದೆ ಸಾಲಗಾರರಿಗೆ ಕರ್ನಾಟಿಕ್‌ನ ಕಂದಾಯ ಕೊಡೋದು ತಪ್ಪು ಅನ್ನೋದು ಅವನ ವಾದ. ಕೇಳಿದವರು ಕಡಿಮೆ. ಬೆನ್‌ಫೀಲ್ಡ್ ಅಷ್ಟು ಹೊತ್ತಿಗೆ ಒಂದು ಅವಧಿಗೆ ಪಾರ್ಲಿಮೆಂಟ್ ಸದಸ್ಯನೂ ಆಗಿಬಿಟ್ಟಿದ್ದ. ಮುಂದೆ 1805ರಲ್ಲಿ ಸಾಲಗಳ ಪರಿಶೀಲನೆಗೆ ಕಮಿಷನರ್‌ಗಳನ್ನ ನೇಮಿಸಿದರು. ಅವರ ಮುಂದೆ ಬಂದ ಕ್ಲೇಮು ಸುಮಾರು 3 ಕೋಟಿ ಪೌಂಡ್. ವರ್ಷಗಟ್ಟಲೆ ಸೋಸಿ ನೋಡಿ ನಿಜ ಅಂತ ಒಪ್ಪಿದ್ದು ಸುಮಾರು 27 ಲಕ್ಷ. ಹತ್ತರಲ್ಲಿ ಒಂದು ಪಾಲೂ ಅಲ್ಲ.

ಕೊನೆಗೆ ಏನಾಯಿತು? 1792ರ ಒಪ್ಪಂದದಲ್ಲಿ ಸೈನ್ಯಕ್ಕೆ ವರ್ಷಕ್ಕೆ 9 ಲಕ್ಷ ಪಗೋಡ, ಸಾಲಗಾರರಿಗೆ ಬೇರೆ 6 ಲಕ್ಷ ಚಿಲ್ಲರೆ. ಯುದ್ಧ ಬಂದರೆ ಇಡೀ ದೇಶದ ಆಡಳಿತ ಕಂಪನಿ ಕೈಗೆ. 1795ರಲ್ಲಿ ಮಹಮ್ಮದ್ ಅಲಿ ತೀರಿಹೋದ. ಮಗ ಉಮ್ದತ್ ಉಲ್ ಉಮರಾ 1801ರ ಜುಲೈನಲ್ಲಿ ಸತ್ತ. ಶ್ರೀರಂಗಪಟ್ಟಣದಲ್ಲಿ ಸಿಕ್ಕ ಕಾಗದಪತ್ರ ತೋರಿಸಿ, ನೀವು ಟಿಪ್ಪು ಜೊತೆ ಗುಟ್ಟಾಗಿ ಸೇರಿದ್ದಿರಿ ಅಂತ ಹೇಳಿ, ಅದೇ ತಿಂಗಳ ಕೊನೆಗೆ ಕಂಪನಿ ಕರ್ನಾಟಿಕ್ ರಾಜ್ಯವನ್ನೇ ತಗೊಂಡಿತು. ಎದುರು ನಿಲ್ಲೋಕೆ ನವಾಬನ ಮನೆತನಕ್ಕೆ ಸೈನ್ಯವೇ ಇರಲಿಲ್ಲ. ಇದ್ದ ಸೈನ್ಯ ಕಂಪನಿಯದ್ದು.

ಹೈದರನಿಗೂ ಸಿಕ್ಕಿದ ಪಾಠ

ಹೈದರಾಲಿಯ ದಾರಿ ಸುಲಭವಾಗಿ ಗೆದ್ದಿತು ಅಂತ ಹೇಳಿದರೆ ಅದು ಇತಿಹಾಸ ಆಗಲ್ಲ. 1769ರಲ್ಲಿ ಅವನು ಮದ್ರಾಸಿನ ಬಾಗಿಲವರೆಗೆ ಬಂದು ಕಂಪನಿ ಕೈಲಿ ಒಪ್ಪಂದ ಬರೆಸಿಕೊಂಡ: ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ಸಹಾಯಕ್ಕೆ ಬರಬೇಕು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಬರಲೇ ಇಲ್ಲ. ಆ ಸಿಟ್ಟು 1780ರವರೆಗೂ ಆರಲಿಲ್ಲ. ಆ ವರ್ಷ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ದಳವನ್ನ ಮುಗಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲಿನ ದೊಡ್ಡ ಚಿತ್ರ ಅದರದ್ದೇ. ಆದರೂ 1799ರಲ್ಲಿ ಟಿಪ್ಪು ಸೋತ, ಸತ್ತ.

ಆಮೇಲೆ ನಮ್ಮ ಮೈಸೂರೂ ಅದೇ ಸ್ಕೀಮಿಗೆ ಸೇರಿತು. ಐದು ವರ್ಷದ ಒಡೆಯರನ್ನ ಪಟ್ಟಕ್ಕೆ ಕೂರಿಸಿ, ಕಂಪನಿ ಸೈನ್ಯದ ಖರ್ಚಿಗೆ ವರ್ಷಕ್ಕೆ 7 ಲಕ್ಷ ಪಗೋಡ. ದುಡ್ಡು ಬರೋದು ಅನುಮಾನ ಅನಿಸಿದರೆ ಆಡಳಿತ ಕೈಗೆ ತಗೊಳ್ಳೋ ಹಕ್ಕು ಕಂಪನಿಗೆ ಉಂಟು ಅನ್ನೋ ಷರತ್ತು ಒಪ್ಪಂದದಲ್ಲೇ ಇತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ನಗರದ ರೈತರ ದಂಗೆಯ ನಂತರ, 1831ರಲ್ಲಿ, ಕಂಪನಿಗೆ ನೆನಪಾಯಿತು. ವಾಪಸ್ ಸಿಕ್ಕಿದ್ದು 1881ರಲ್ಲಿ, 50 ವರ್ಷ ಆದ ಮೇಲೆ.

ಈಗ ನಮ್ಮ ಕೆಲಸಕ್ಕೆ ಬರೋಣ

ನಮ್ಮ ಫೀಲ್ಡಿನಲ್ಲೂ ಅಡ್ಯಾರ್ ಡೆಮೋಗಳು ಆಗ್ತಾನೇ ಇರ್ತವೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಅಜೈಲ್ ಘೋಷಣೆ ಒಂದು ಪುಟ ಕೂಡ ಇಲ್ಲ. ಜನ ಮುಖ್ಯ, ಓಡೋ ಸಾಫ್ಟ್‌ವೇರ್ ಮುಖ್ಯ ಅನ್ನೋ ಸರಳ ಮಾತು. ಅದು ಸರ್ಟಿಫಿಕೇಟು, ಕೋಚು, ಟೂಲಿನ ಲೈಸೆನ್ಸು ಆಗಿ ಹೇಗೆ ಬೆಳೆಯಿತು ಅಂತ ದಿನಾ ಸ್ಟ್ಯಾಂಡಪ್‌ನಲ್ಲಿ ನಿಲ್ಲೋ ನಿಮಗೆ ಹೇಳಬೇಕಾಗಿಲ್ಲ. ಸಹಿ ಹಾಕಿದವರಲ್ಲೇ ಒಬ್ಬರಾದ ಡೇವ್ ಥಾಮಸ್ 2014ರಲ್ಲಿ, ಆ ಪದ ಸತ್ತಿದೆ ಅಂತ ಬರೆದರು. ಅಭ್ಯಾಸವಾಗಿ ಹುಟ್ಟಿದ್ದು ಸರಕಾಗಿ ಮಾರಾಟಕ್ಕೆ ಬಂತು.

ಮೈಕ್ರೋಸರ್ವಿಸ್ ನೋಡಿ. 2023ರಲ್ಲಿ ಅಮೆಜಾನ್‌ನ ಪ್ರೈಮ್ ವಿಡಿಯೋದ ಒಂದು ತಂಡ, ವಿಡಿಯೋ ಗುಣಮಟ್ಟ ನೋಡೋ ತಮ್ಮ ವ್ಯವಸ್ಥೆಯನ್ನ ಬಿಡಿ ಬಿಡಿ ಸರ್ವರ್‌ಲೆಸ್ ತುಂಡುಗಳಿಂದ ಒಂದೇ ಅಪ್ಲಿಕೇಶನ್ನಿಗೆ ತಂದು, ಖರ್ಚು 90 ಪರ್ಸೆಂಟ್ ಇಳಿಸಿದೆವು ಅಂತ ಬರೆಯಿತು. ಆ ತುಂಡುಗಳನ್ನ ಜಗತ್ತಿಗೆಲ್ಲ ಮಾರೋ ಕಂಪನಿಯ ಮನೆಯವರೇ ಹೇಳಿದ ಮಾತು ಇದು. ಎಲ್ಲದಕ್ಕೂ ಮೊನೊಲಿತ್ ಸರಿ ಅಂತ ಇದರ ಅರ್ಥ ಅಲ್ಲ. ನಮ್ಮ ಲೆಕ್ಕ ನಾವೇ ಹಾಕಬೇಕು ಅಂತ ಅಷ್ಟೇ.

ಒಪ್ಪಂದದ ಷರತ್ತು ಹೇಗೆ ನೆನಪಾಗುತ್ತೆ ಅನ್ನೋದಕ್ಕೂ ಹೊಸ ಉದಾಹರಣೆ ಇದೆ. 2023ರ ನವೆಂಬರ್‌ನಲ್ಲಿ ವಿಎಂವೇರ್‌ಅನ್ನು ಬ್ರಾಡ್‌ಕಾಮ್ ಕೊಂಡಿತು. ಮುಂದಿನ ತಿಂಗಳೇ, ಒಂದು ಸಲ ಕೊಂಡು ಶಾಶ್ವತವಾಗಿ ಬಳಸೋ ಲೈಸೆನ್ಸ್ ಮಾರಾಟ ನಿಂತಿತು. ಇನ್ನು ಮೇಲೆ ಚಂದಾ ಮಾತ್ರ. 2024ರ ಮಾರ್ಚ್ 1ರಂದು, ಫೀಸಿನ ಜಗಳದಲ್ಲಿ ಗೂಗಲ್ ಕೆಲವು ಭಾರತೀಯ ಕಂಪನಿಗಳ ಆಪ್‌ಗಳನ್ನ ಪ್ಲೇ ಸ್ಟೋರ್‌ನಿಂದ ತೆಗೆಯಿತು. ಅದರಲ್ಲಿ ಇದೇ ಚೆನ್ನೈನ ಮ್ಯಾಟ್ರಿಮನಿ ಕಂಪನಿಯೂ ಇತ್ತು. ಸರ್ಕಾರ ಮಧ್ಯ ಬಂದ ಮೇಲೆ ಆಪ್‌ಗಳು ವಾಪಸ್ ಬಂದವು. ಯಾರದು ಸರಿ ಅನ್ನೋದು ಕೋರ್ಟಿನ ಮಾತು. ಬಾಗಿಲ ಕೀಲಿ ಯಾರ ಕೈಲಿದೆ ಅನ್ನೋದು ಮಾತ್ರ ಆ ದಿನ ಎಲ್ಲರಿಗೂ ಕಂಡಿತು.

ಹಾಗಾದರೆ ಎಲ್ಲವನ್ನೂ ನಾವೇ ಕಟ್ಟಬೇಕಾ? ಆಗೋ ಮಾತಲ್ಲ. ಹೈದರ್ ಕೂಡ ಫ್ರೆಂಚರನ್ನ ಸಂಬಳಕ್ಕೆ ಇಟ್ಕೊಂಡಿದ್ದ. ಕೊಳ್ಳಬಹುದಾದ್ದು ಬೇರೆ, ಕೈಬಿಡಬಾರದ್ದು ಬೇರೆ ಅನ್ನೋ ವಿವೇಕ ಬೇಕು. ಯಾವುದು ಹೋದರೆ ನಾಳೆ ಇಲ್ಲ ಅನ್ನೋ ಶಕ್ತಿ ನಮಗಿರಲ್ಲವೋ ಅದನ್ನ ಬಾಡಿಗೆಗೆ ಕೊಡೋ ಮುಂಚೆ ಎರಡು ಸಲ ಯೋಚಿಸಬೇಕು. ನವಾಬ ಕೊಟ್ಟಿದ್ದು ಅದನ್ನೇ.

ಇನ್ನೊಂದು ಮಾತು, ಸ್ವಲ್ಪ ಕಹಿ. ಈ ಕಥೆ ಕೇಳ್ತಾ ನಾವು ನವಾಬನ ಜಾಗದಲ್ಲೋ ರೈತನ ಜಾಗದಲ್ಲೋ ನಿಂತು ಕೇಳ್ತೀವಿ. ಆದರೆ ಆ ಕಾಲದ ಮದ್ರಾಸಿನಲ್ಲಿ ದುಬಾಷಿಗಳು ಅಂತ ಒಂದು ವರ್ಗ ಇತ್ತು. ಎರಡು ಭಾಷೆ ಬಲ್ಲವರು, ಲೆಕ್ಕ ಬಲ್ಲವರು, ನಮ್ಮ ನೆಲದವರು. ಕಂಪನಿಯವರ ಪರವಾಗಿ ಮಾತಾಡಿ, ಪತ್ರ ಬರೆದು, ಸಾಲ ಕುದುರಿಸಿ, ತಮ್ಮ ಪಾಲು ತಗೊಂಡವರು. ಕ್ಲೈಂಟ್ ಕಾಲ್‌ನಲ್ಲಿ ಕೂತು, ಈ ಪ್ಲಾಟ್‌ಫಾರ್ಮಿಗೆ ಬನ್ನಿ, ಎಲ್ಲ ನಾವು ನೋಡ್ಕೊಳ್ತೀವಿ ಅಂತ ಸ್ಲೈಡ್ ತೋರಿಸೋ ನಮ್ಮ ಕೆಲಸಕ್ಕೆ ಹತ್ತಿರದ ಹೆಸರು ಅದೇ. ಅದು ಹೊಟ್ಟೆಪಾಡು, ನಾಚಿಕೆ ಪಡಬೇಕಾದ್ದಲ್ಲ. ಎಲ್ಲ ದುಬಾಷಿಗಳೂ ಕೆಟ್ಟವರಾಗಿರಲೂ ಇಲ್ಲ. ಆದರೆ ಒಪ್ಪಂದವನ್ನ ಎರಡೂ ಭಾಷೆಯಲ್ಲಿ ಓದಬಲ್ಲವನು ಕೋಣೆಯಲ್ಲಿ ಅವನೊಬ್ಬನೇ.

ಆ ಕೋಣೆಯಲ್ಲಿ ಇವತ್ತು ನೀವಿದ್ದರೆ ಮೂರು ಪ್ರಶ್ನೆ ಕೇಳಿ. ಇದರ ಬಿಲ್ ಮೂರನೇ ವರ್ಷ ಎಷ್ಟಾಗುತ್ತೆ? ಬಿಟ್ಟು ಹೊರಡಬೇಕಾದರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಬರುತ್ತೆ? ಬಿಲ್ ಕೊಡೋನೂ ಸಲಹೆ ಕೊಡೋನೂ ಒಬ್ಬನೇನಾ? ಮೂರನೇದಕ್ಕೆ ಹೌದು ಅನ್ನೋ ಉತ್ತರ ಬಂದರೆ, ಬೆನ್‌ಫೀಲ್ಡ್‌ನ ನೆನಪು ಮಾಡ್ಕೊಳ್ಳಿ.

ಮುಂದಿನ ಸಲ ಚೆಪಾಕ್‌ಗೆ ಮ್ಯಾಚಿಗೆ ಹೋದಾಗ ಆ ಕೆಂಪು ಅರಮನೆ ಕಡೆ ಒಂದು ಸಲ ತಿರುಗಿ ನೋಡಿ. 1855ರಲ್ಲಿ ನವಾಬ ಪಟ್ಟವೇ ರದ್ದಾಯಿತು, ಅರಮನೆ ಹರಾಜಿಗೆ ಬಂತು, ಕೊಂಡಿದ್ದು ಸರ್ಕಾರ. ಅವತ್ತಿಂದ ಅದು ಆಫೀಸು.