ಒಡೆದ ಕಟ್ಟೆಯ ನೀರು, ತಗ್ಗಿನ ಕೇರಿ

1961ರ ಜುಲೈ 12ರ ಬೆಳಿಗ್ಗೆ, ಪುಣೆಯ ಮೇಲ್ಗಡೆ, ಇನ್ನೂ ಪೂರಾ ಕಟ್ಟಿ ಮುಗಿಯದ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಆ ಹೊಡೆತಕ್ಕೆ ಕೆಳಗಿದ್ದ ಹಳೆಯ ಖಡಕ್‌ವಾಸ್ಲಾ ಕಟ್ಟೆಯೂ ಬಿರಿಯಿತು. ಪುಣೆಯ ಹೊಳೆದಂಡೆಯ ಪೇಟೆಗಳು ಮುಳುಗಿದವು. ಚರಿತ್ರೆಯಲ್ಲಿ ಇದು ಪುಣೆಯ ಕತೆಯಾಗಿಯೇ ಉಳಿದಿದೆ. ಆದರೆ ನೀರಿಗೆ ಪುಣೆಯೇ ಕೊನೆಯಲ್ಲ. ಮುಠಾ ಮುಳೆಗೆ, ಮುಳಾ-ಮುಠಾ ಭೀಮೆಗೆ ಸೇರಿ, ಪಂಢರಪುರ ದಾಟಿ, ಅಫಜಲಪುರ, ಜೇವರ್ಗಿಯ ಹೊಳಿಗೇ ಬರಬೇಕು. ನಡುವೆ 300 ಕಿಲೋಮೀಟರಿಗೂ ಹೆಚ್ಚು ದಾರಿ. ಆಗಿನ್ನೂ ಉಜನಿ ಅಣೆಕಟ್ಟು ಇರಲಿಲ್ಲ.

ಇಷ್ಟು ದೂರ ಬರೂದ್ರೊಳಗ ನೀರು ಏನಾಗ್ತದ? ಒಡೆದಲ್ಲಿ ಅದು ಗೋಡೆಯಂತೆ ನುಗ್ಗುತ್ತದೆ. ಕಣಿವೆ ಅಗಲವಾದಂತೆ ಹೊಲಕ್ಕೆ, ಹಳ್ಳಕ್ಕೆ ಹರಡುತ್ತದೆ. ಎತ್ತರ ತಗ್ಗುತ್ತದೆ, ನಿಲ್ಲುವ ಹೊತ್ತು ಹಿಗ್ಗುತ್ತದೆ. ಅಮೆರಿಕದ ಬ್ಯೂರೋ ಆಫ್ ರಿಕ್ಲಮೇಶನ್ 1982ರಲ್ಲಿ ಕೊಟ್ಟ ಒರಟು ಲೆಕ್ಕದಂತೆ, 30 ಮೈಲಿಗೆ ನೆರೆಯ ಗರಿಷ್ಠ ಹರಿವು ಅರ್ಧವಾಗುತ್ತದೆ, 100 ಮೈಲಿಗೆ ಹತ್ತರಲ್ಲೊಂದು ಪಾಲು. ಇಕ್ಕಟ್ಟು ಕಣಿವೆಯಲ್ಲಿ ಅಷ್ಟು ಇಳಿಯದು, ಬಯಲಿನಲ್ಲಿ ಬೇಗ ಇಳಿದೀತು. ಮಳೆಗಾಲದಲ್ಲಿ ಹೊಳೆ ಮೊದಲೇ ತುಂಬಿದ್ದರೆ ಅದೂ ಇದಕ್ಕೆ ಕೂಡುತ್ತದೆ.

ಗೆಳೆಯರೇ, ನೆರೆ ಇಳಿಯಿತು ಅಂತಾರಲ್ಲ, ಆ ಇಳಿದ ನೀರು ಎಲ್ಲಿ ಹೋಯಿತು? ದಾರಿಯುದ್ದಕ್ಕೂ ಯಾರದೋ ಹೊಲದಲ್ಲಿ, ಯಾರದೋ ಅಂಗಳದಲ್ಲಿ ನಿಂತಿತು. ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಭೀಮೆ ತುಂಬಿದರೆ ಅಮರ್ಜೆಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಕೆಳಗಿನವರಿಗೆ ನೆರೆ ಕಡಿಮೆಯಾಗುವುದು ಮೇಲಿನ ತಗ್ಗಿನವರು ಅದನ್ನು ಹೊತ್ತುಕೊಂಡಾಗ. ಎಷ್ಟೋ ಹಳ್ಳಿಗಳಲ್ಲಿ ಊರು ದಿಬ್ಬದ ಮೇಲೆ, ಕೇರಿ ತಗ್ಗಿನಲ್ಲಿ. ಎಂಜಿನಿಯರರ ಲೆಕ್ಕದಲ್ಲಿ ತಗ್ಗಿಗೆ ಜಾತಿಯಿಲ್ಲ. ಆ ತಗ್ಗನ್ನು ಹಂಚಿದವರಿಗೆ ಇತ್ತು.

2020ರ ಅಕ್ಟೋಬರಿನಲ್ಲಿ ಯಾವ ಕಟ್ಟೆಯೂ ಒಡೆದಿರಲಿಲ್ಲ. ಮಳೆ ಸುರಿದು, ಉಜನಿಯಿಂದ ನೀರು ಬಿಟ್ಟದ್ದಕ್ಕೇ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳು ಮುಳುಗಿದವು. ಪಾನ್‌ಶೆತ್ ಹಿಡಿಯುವುದು ಸುಮಾರು 10 ಟಿಎಂಸಿ, ಉಜನಿ ಸುಮಾರು 117. ಮೇಲಿನ ನೆರೆಯನ್ನು ತಡೆಯಬಲ್ಲ ಉಜನಿ ಹೊಳೆದಂಡೆಯಲ್ಲಿ ನಮಗೆ ಹತ್ತಿರದ್ದೂ ಹೌದು.

ದೂರ ನಮಗೆ ಕೊಡುವ ಒಂದೇ ಆಸ್ತಿ ಹೊತ್ತು. ನೀರು ಬಂದು ಮುಟ್ಟುವ ಮೊದಲು ಸುದ್ದಿ ಮುಟ್ಟಿದರೆ ಮಕ್ಕಳು, ಮುದುಕರು, ದನಕರು ದಿಬ್ಬ ಹತ್ತಬಹುದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕೆನ್ನುತ್ತದೆ. ಮಾಸ್ತರರೇ, ನಿಮ್ಮೂರಿನ ಮುಳುಗಡೆ ನಕ್ಷೆ ಎಲ್ಲಿದೆ ಎಂದು ತಹಶೀಲ್ದಾರರನ್ನು ಕೇಳಿ. ಅದರಲ್ಲಿ ಕೇರಿಯ ಗೆರೆ ಎಲ್ಲಿ ಬಿದ್ದಿದೆ ನೋಡಿ.

ಊರಿಗೆಲ್ಲ ಡಂಗುರ ಸಾರುವ ಕೆಲಸ ತಲೆತಲಾಂತರದಿಂದ ಕೇರಿಗೇ ಹಚ್ಚಿದರು. ಕೇರಿಗೆ ನೀರು ಬರುವಾಗ ಡಂಗುರ ಸಾರೋರು ಯಾರು?